ಉಂಡವರಿಗೇ ಇನ್ನೊಂದು ಎಲೆ



ಊಟದ ಪಂಕ್ತಿಗೆ ಒಂದು ನ್ಯಾಯವಿದೆ. ಹಸಿದು ಕಾದವರಿಗೆ ಮೊದಲು ಎಲೆ ಹಾಕಬೇಕು. ಉಂಡು ಕೈ ತೊಳೆದವರನ್ನು ಮತ್ತೆ ಕರೆದು ಕೂರಿಸಬಾರದು. ಹೋಟೆಲಿನಲ್ಲಿ ದುಡಿಯುವ ನಮಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದೊಡ್ಡವರ ಲೋಕದಲ್ಲಿ ಈ ನ್ಯಾಯ ತಲೆಕೆಳಗಾಗಿದೆ. ಅಲ್ಲಿ ಉಂಡವರಿಗೇ ಇನ್ನೊಂದು ಎಲೆ; ಹಸಿದವರು ಇರುವುದು ಎಂಜಲು ಎತ್ತಲಿಕ್ಕೆ. ಆ ಇನ್ನೊಂದು ಎಲೆಗೆ ಅವರು ಇಟ್ಟಿರುವ ಹೆಸರು 'ಫೆಲೋಷಿಪ್'.

ಯಾವ ದೇಶದೊಡನೆ ಸ್ನೇಹ, ಯಾವ ದೇಶದೊಡನೆ ಮುನಿಸು, ಯಾರಿಗೆ ಸುಂಕ, ಯಾರಿಗೆ ರಿಯಾಯಿತಿ ಎಂದು ಯೋಚಿಸಿ ಸರ್ಕಾರಗಳಿಗೆ ಸಲಹೆ ಹೇಳುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳಿವೆ. ಇವಕ್ಕೆ ಥಿಂಕ್ ಟ್ಯಾಂಕ್ ಎನ್ನುತ್ತಾರೆ. ನಾವು ವಿಚಾರ ಸಂಸ್ಥೆ ಎನ್ನೋಣ. ಅಮೆರಿಕದಲ್ಲಿ 1910ರ ಕಾರ್ನೆಗೀ ಸಂಸ್ಥೆ, ಲಂಡನ್ನಿನಲ್ಲಿ 1920ರ ಚಾಥಮ್ ಹೌಸ್, ನ್ಯೂಯಾರ್ಕಿನಲ್ಲಿ 1921ರ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್ ಹೆಸರಾಂತವು. ನಮ್ಮಲ್ಲಿಯೂ ಕೊರತೆಯಿಲ್ಲ. ದೆಹಲಿಯ ಸಪ್ರು ಹೌಸಿನ ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್ 1943ರಲ್ಲಿ ಹುಟ್ಟಿತು. 1990ರಲ್ಲಿ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ ಬಂದಿತು. 2009ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಗೇಟ್‌ವೇ ಹೌಸ್ ಆರಂಭವಾಯಿತು.

ಇಂಥ ಕಡೆಗಳಲ್ಲಿ 'ಸಾಧಕ ನಾಯಕರಿಗೆ' ಎಂದು ಫೆಲೋಷಿಪ್ ಇಡುತ್ತಾರೆ. ಸಾಧಕರೆಂದರೆ ಯಾರು? ನಿವೃತ್ತ ರಾಯಭಾರಿ, ಮಾಜಿ ಮಂತ್ರಿ, ಪಿಂಚಣಿ ಪಡೆಯುವ ಸೇನಾಧಿಕಾರಿ, ಕಂಪನಿ ನಡೆಸಿದ ಮಹಾಶಯರು. ಅವರಿಗೆ ಕೂರಲು ಕೋಣೆ, ಓದಲು ಪುಸ್ತಕಾಲಯ, ಕೆಲವು ಕಡೆ ಸಂಬಳ, ಕೆಲವು ಕಡೆ ಬರೀ ಗೌರವ. ಎಲ್ಲಕ್ಕಿಂತ ಬೆಲೆಬಾಳುವುದು ಹೆಸರಿನ ಮುಂದೆ ಅಂಟಿಸಿಕೊಳ್ಳುವ ಆ ಪದವಿ. ಅದನ್ನು ನೋಡಿ ಪತ್ರಿಕೆಯವರು ಅಭಿಪ್ರಾಯ ಕೇಳುತ್ತಾರೆ. ಮಂತ್ರಿಗಳು ಚಹಾಕ್ಕೆ ಕರೆಯುತ್ತಾರೆ. ಆ ಚಹಾವನ್ನು ಒಳಗೆ ತಂದುಕೊಡುವವರು ಮಾತ್ರ ನಾವು.

"ಅದರಿಂದ ನಮಗೇನಪ್ಪಾ? ಲೋಟ ತೊಳೆಯುವವನಿಗೂ ಸಾಂಚೆ ನಡೆಸುವವನಿಗೂ ವಿದೇಶಾಂಗ ನೀತಿ ಏತಕ್ಕೆ?" ಎಂದು ನಮ್ಮಲ್ಲೇ ಕೆಲವರು ಕೇಳಬಹುದು. ಉತ್ತರ ಹೇಳುತ್ತೇವೆ, ಕೇಳಿರಿ.

1990ರಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಹೊತ್ತು ತರಬೇಕಾಯಿತು. ಅವರಲ್ಲಿ ದಕ್ಷಿಣ ಕನ್ನಡದ ಮಕ್ಕಳೂ ಇದ್ದರು. ವರ್ಷಗಟ್ಟಲೆ ದುಡಿದದ್ದನ್ನು ಅಲ್ಲಿಯೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರಿದ್ದರು. 2014ರಲ್ಲಿ ಇರಾಕಿನ ಮೋಸುಲ್ ಊರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ಭಾರತದ 39 ಮಂದಿ ಕಾರ್ಮಿಕರನ್ನು ಉಗ್ರರು ಹಿಡಿದು ಕೊಂದರು. ಅವರು ಸತ್ತಿದ್ದಾರೆಂದು ಸರ್ಕಾರ ಹೇಳಿದ್ದು 2018ರ ಮಾರ್ಚಿನಲ್ಲಿ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗುವ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರಲ್ಲಿ ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಅದರಲ್ಲಿ ಅರ್ಧ, ಭಾರತ ರಷ್ಯದಿಂದ ತೈಲ ಕೊಂಡದ್ದಕ್ಕೆ ಹಾಕಿದ ದಂಡ. ತೈಲ ಕೊಂಡವರು ಯಾರೋ. ಆರ್ಡರು ನಿಂತು ಕೆಲಸದ ಚಿಂತೆಗೆ ಬಿದ್ದವರು ತಿರುಪ್ಪೂರಿನ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು.

ಇದೇ ವಿದೇಶಾಂಗ ನೀತಿ. ಅದು ದೆಹಲಿಯ ದಿವಾನಖಾನೆಯಲ್ಲಿ ಹುಟ್ಟಿ ನಮ್ಮ ಅಡಿಗೆ ಮನೆಗೆ ಬಂದು ಇಳಿಯುತ್ತದೆ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟಿನ ಮೇಲೆ ಇ.ಸಿ.ಆರ್. ಎಂಬ ಗುರುತು ಬೀಳುವುದು ನಿಮಗೆ ಗೊತ್ತೇ ಇದೆ. 1983ರ ವಲಸೆ ಕಾಯಿದೆ ಬಂದಾಗಿನಿಂದ ಅಂಥವರು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕಾಯಿತು. ಅಂದರೆ ನಾವು ಸಮುದ್ರ ದಾಟುವುದಕ್ಕೆ ಪರೀಕ್ಷೆ ಉಂಟು. ನಮ್ಮ ದಾರಿಯನ್ನು ನಿರ್ಣಯಿಸುವವರಿಗೆ ನಮ್ಮ ಬದುಕಿನ ಒಂದು ಅಕ್ಷರವಾದರೂ ಗೊತ್ತಿರಬೇಕೆಂಬ ನಿಯಮ ಇಲ್ಲ!

ಈ ಯಂತ್ರ ಹೇಗೆ ತಿರುಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ನ್ಯೂಯಾರ್ಕಿನ ಕೌನ್ಸಿಲಿನವರು 1967ರಿಂದ ಒಂದು ಫೆಲೋಷಿಪ್ ನಡೆಸುತ್ತಾ ಬಂದಿದ್ದಾರೆ. ವಿದ್ವಾಂಸರನ್ನು ಸರ್ಕಾರದ ಕಚೇರಿಗೆ, ಅಧಿಕಾರಿಗಳನ್ನು ವಿಚಾರ ಸಂಸ್ಥೆಗೆ ಕಳುಹಿಸಿ ಕೊಟ್ಟು-ತೆಗೆದುಕೊಳ್ಳುವ ಏರ್ಪಾಡು. 1986ರಲ್ಲಿ ಅದನ್ನು ಪಡೆದು ಅಮೆರಿಕದ ಸೇನಾ ಮುಖ್ಯಸ್ಥರ ಕಚೇರಿಗೆ ಹೋದವರು ಕಾಂಡೊಲೀಸಾ ರೈಸ್. ಆಮೇಲೆ ಅಧ್ಯಕ್ಷರ ಭವನದಲ್ಲಿ ಕೆಲಸ. 1991ರಿಂದ 2001ರವರೆಗೆ ಶೆವ್ರಾನ್ ಎಂಬ ತೈಲ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಸ್ಥಾನ. ಕಂಪನಿಯವರು ಒಂದು ತೈಲದ ಹಡಗಿಗೇ ಅವರ ಹೆಸರು ಇಟ್ಟಿದ್ದರು. 2001ರಲ್ಲಿ ಅಧ್ಯಕ್ಷರಿಗೆ ಭದ್ರತಾ ಸಲಹೆಗಾರರು. 2003ರಲ್ಲಿ ಇರಾಕಿನ ಮೇಲೆ ಯುದ್ಧ. 2005ರಲ್ಲಿ ವಿದೇಶಾಂಗ ಮಂತ್ರಿ. 2020ರಲ್ಲಿ ಹೂವರ್ ಎಂಬ ವಿಚಾರ ಸಂಸ್ಥೆಗೆ ಅವರೇ ನಿರ್ದೇಶಕರಾದರು. ಫೆಲೋಷಿಪ್ಪಿನಿಂದ ಸರ್ಕಾರಕ್ಕೆ, ಸರ್ಕಾರದಿಂದ ಕಂಪನಿಗೆ, ಕಂಪನಿಯಿಂದ ಮತ್ತೆ ಸರ್ಕಾರಕ್ಕೆ, ಅಲ್ಲಿಂದ ಮತ್ತೆ ವಿಚಾರ ಸಂಸ್ಥೆಗೆ. ಗಾಣದ ಎತ್ತು ತಿರುಗುತ್ತದೆ. ಎಣ್ಣೆ ಮಾತ್ರ ಒಂದೇ ಕಡೆ ಸುರಿಯುತ್ತದೆ.

ಅವರ ವಿದ್ವತ್ತನ್ನಾಗಲಿ, ವರ್ಣಭೇದದ ಬೇಲಿ ಹಾಕಿದ್ದ ಊರಿನಿಂದ ಮೇಲೆದ್ದು ಬಂದ ಛಲವನ್ನಾಗಲಿ ನಾವು ಅಲ್ಲಗಳೆಯುವುದಿಲ್ಲ. ನಮ್ಮ ಜಗಳ ವ್ಯಕ್ತಿಯೊಡನೆ ಅಲ್ಲ. ಇರಾಕಿನಲ್ಲಿ ಭಯಂಕರ ಅಸ್ತ್ರಗಳಿವೆ ಎಂದು ಹೇಳಿ ಯುದ್ಧ ಹೂಡಿದರು, ಅಸ್ತ್ರ ಸಿಗಲಿಲ್ಲ. ಆ ಯುದ್ಧ ಹಾಳುಗೆಡವಿದ ನಾಡಿನಲ್ಲೇ ಹನ್ನೊಂದು ವರ್ಷಗಳ ತರುವಾಯ ನಮ್ಮ 39 ಮಂದಿ ಸತ್ತರು. ತಪ್ಪು ಸಲಹೆ ಕೊಟ್ಟವರಿಗೆ ಮತ್ತೆ ಮತ್ತೆ ಪೀಠ ಸಿಕ್ಕಿತು. ಹೋಟೆಲಿನಲ್ಲಿ ಒಂದು ಬಸಿ ಒಡೆದರೆ ಮಾಣಿಯ ಪಗಾರದಲ್ಲಿ ಕತ್ತರಿಸುತ್ತಾರೆ. ಒಂದು ದೇಶವನ್ನೇ ಒಡೆದವರಿಗೆ ಗೌರವಧನ!

ಇನ್ನು ಹಣದ ಮಾತು. ಕಾರ್ನೆಗೀ ಸಂಸ್ಥೆಯ ಪೂರ್ತಿ ಹೆಸರಿನಲ್ಲಿ 'ಅಂತರರಾಷ್ಟ್ರೀಯ ಶಾಂತಿ' ಎಂಬ ಮಾತಿದೆ. 1910ರಲ್ಲಿ ಆಂಡ್ರೂ ಕಾರ್ನೆಗೀ ಅದಕ್ಕೆ ಕೊಟ್ಟದ್ದು ಒಂದು ಕೋಟಿ ಡಾಲರು. ಆ ಹಣ ಉಕ್ಕಿನ ಕಾರ್ಖಾನೆಗಳಿಂದ ಬಂದದ್ದು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿಯ ಅವರ ಕಾರ್ಖಾನೆಯಲ್ಲಿ ಕೂಲಿ ಕಡಿತವನ್ನು ಒಪ್ಪದ ಕಾರ್ಮಿಕರ ಮುಖಕ್ಕೆ ಬಾಗಿಲು ಹಾಕಿದರು. ಜುಲೈ 6ರಂದು ಪಿಂಕರ್ಟನ್ ಕಂಪನಿಯ 300 ಮಂದಿ ಬಂದೂಕುಧಾರಿಗಳನ್ನು ದೋಣಿಗಳಲ್ಲಿ ತಂದು ಇಳಿಸಲು ನೋಡಿದರು. ಎರಡೂ ಕಡೆ ಹೆಣಗಳು ಬಿದ್ದವು. ಕೊನೆಗೆ ಸಂಘ ಮುರಿಯಿತು. ಯಜಮಾನರು ಆಗ ಸ್ಕಾಟ್ಲೆಂಡಿನಲ್ಲಿದ್ದರು. ಹದಿನೆಂಟು ವರ್ಷಗಳಾದ ಮೇಲೆ ಅವರಿಗೆ ಲೋಕಶಾಂತಿಯ ಮೇಲೆ ಪ್ರೀತಿ ಹುಟ್ಟಿತು. ಆದರೆ ಅಮೆರಿಕದ ಉಕ್ಕಿನ ಕೆಲಸಗಾರರಿಗೆ ದಿನಕ್ಕೆ 12 ಗಂಟೆಯ ಪಾಳಿ ತಪ್ಪಿದ್ದು 1923ರಲ್ಲಿ.

ಹಳೆಯ ಕಥೆ ಎನ್ನುತ್ತೀರೋ? ಹೊಸದನ್ನು ಕೇಳಿರಿ. ವಾಷಿಂಗ್ಟನ್ನಿನ ಬ್ರೂಕಿಂಗ್ಸ್ ಎಂಬ ವಿಚಾರ ಸಂಸ್ಥೆಗೆ 2013ರಲ್ಲಿ ಕತಾರ್ ಸರ್ಕಾರ ನಾಲ್ಕು ವರ್ಷದ ಲೆಕ್ಕದಲ್ಲಿ 1 ಕೋಟಿ 48 ಲಕ್ಷ ಡಾಲರು ಕೊಡಲು ಒಪ್ಪಿತೆಂದು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. ಹಣ ಕೊಟ್ಟವರು ನಮ್ಮ ವಿಚಾರವನ್ನು ಬದಲಿಸಲಾರರು ಎಂದು ಸಂಸ್ಥೆಯವರು ಹೇಳಿದರು. ಇರಬಹುದು. ಆದರೆ ಅದೇ ವರ್ಷಗಳಲ್ಲಿ ಅದೇ ಕತಾರಿನಲ್ಲಿ 2022ರ ಫುಟ್‌ಬಾಲ್ ಪಂದ್ಯಗಳಿಗಾಗಿ ಮೈದಾನ ಕಟ್ಟುತ್ತಿದ್ದವರು ಭಾರತ, ನೇಪಾಳ, ಬಾಂಗ್ಲಾದೇಶಗಳ ಬಡ ಮಕ್ಕಳು. ಕರಾರಿನ ಅವಧಿಯಲ್ಲಿ ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋಗಲು ಹಳೆಯ ಧಣಿಯ ಒಪ್ಪಿಗೆ ಪತ್ರ ಬೇಕೆಂಬ ಕಟ್ಟಳೆ ಅಲ್ಲಿ ಹೋದದ್ದು 2020ರಲ್ಲಿ. ಗಲ್ಲಾದಲ್ಲಿ ಕುಳಿತವನ ಉಪ್ಪು ತಿಂದು ಗಲ್ಲಾದವನ ಮೇಲೆ ದೂರು ಬರೆಯುವುದು ಎಷ್ಟು ಕಷ್ಟವೆಂಬುದು ನಮಗಿಂತ ಯಾರಿಗೆ ಹೆಚ್ಚು ಗೊತ್ತು?

ಅಲ್ಲಿ ನಡೆಯುವ ಮಾತಿನ ರೀತಿಯನ್ನಾದರೂ ನೋಡಿ. ಚಾಥಮ್ ಹೌಸಿನವರು 1927ರಲ್ಲಿ ಮಾಡಿದ ಒಂದು ನಿಯಮ ಲೋಕಪ್ರಸಿದ್ಧ. ಒಳಗೆ ಕೇಳಿದ ವಿಷಯವನ್ನು ಹೊರಗೆ ಹೇಳಬಹುದು, ಹೇಳಿದವರು ಯಾರೆಂದು ಮಾತ್ರ ಹೇಳಕೂಡದು. ಮುಕ್ತವಾಗಿ ಮಾತಾಡಲು ಇದು ಬೇಕು ಎನ್ನುತ್ತಾರೆ. ನಮ್ಮ ಸಂಘದ ಸಭೆಯಲ್ಲಿ ನಿರ್ಣಯ ಮಂಡಿಸಿದವರು ಯಾರು, ಅನುಮೋದಿಸಿದವರು ಯಾರು ಎಂದು ಹೆಸರು ಸಮೇತ ನಡವಳಿ ಪುಸ್ತಕದಲ್ಲಿ ಬರೆಯುತ್ತೇವೆ. ಮಾರನೆಯ ದಿನ ಕೆಲಸ ಹೋಗಬಹುದೆಂದು ತಿಳಿದೂ ನಮ್ಮವರು ಹೆಸರು ಕೊಡುತ್ತಾರೆ. ಕಳೆದುಕೊಳ್ಳಲು ಏನೂ ಇಲ್ಲದ ದೊಡ್ಡವರಿಗೆ ಮಾತ್ರ ಮುಸುಕು ಬೇಕಾಗಿದೆ.

ಈಗ ಎದುರು ಪಕ್ಷದ ಮಾತನ್ನೂ ಕೇಳೋಣ. "ಮೂವತ್ತು ವರ್ಷ ರಾಯಭಾರಿಯಾಗಿದ್ದವರ ಅನುಭವ ವ್ಯರ್ಥವಾಗಬೇಕೆ? ಅದನ್ನು ಬರೆದಿಡಲು ಸ್ಥಳ ಕೊಟ್ಟರೆ ತಪ್ಪೇನು?" ತಪ್ಪಿಲ್ಲ. ಅನುಭವಕ್ಕೆ ನಾವು ತಲೆಬಾಗುತ್ತೇವೆ. ನಾವು ಕೇಳುವುದಿಷ್ಟೆ: ಮೂವತ್ತು ವರ್ಷ ದುಬೈಯ ಅಡಿಗೆ ಮನೆಯಲ್ಲಿ ಬೆಂದವನದು ಅನುಭವ ಅಲ್ಲವೆ? ರಿಯಾದಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದ ನರ್ಸಮ್ಮನದು? ಹತ್ತು ಬಂದರು ಕಂಡ ಹಡಗಿನ ಖಲಾಸಿಯದು? ರಾಯಭಾರಿಗೆ ಆ ದೇಶದ ಅರಮನೆ ಗೊತ್ತು. ಇವರಿಗೆ ಆ ದೇಶ ಗೊತ್ತು.

"ಓದು ಬಾರದವರಿಗೆ ಲೋಕ ವ್ಯವಹಾರ ತಿಳಿಯದು" ಎಂಬುದು ಎರಡನೆಯ ಆಕ್ಷೇಪ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾದ ಅರ್ನೆಸ್ಟ್ ಬೆವಿನ್ ಯಾರು? ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲದ ಕೂಲಿ ಮಾಡಿ, ಬ್ರಿಸ್ಟಲ್ಲಿನಲ್ಲಿ ಗಾಡಿ ಹೊಡೆದು, ಸಾರಿಗೆ ಕಾರ್ಮಿಕರ ಸಂಘವನ್ನು ಕಟ್ಟಿದವರು. ಅವರ ನೀತಿಯನ್ನು ನಾವು ಪೂರ್ತಿ ಒಪ್ಪುವವರಲ್ಲ. ಆದರೆ ತಿಳಿವಳಿಕೆ ಇಲ್ಲದವರೆಂದು ಅವರನ್ನು ಯಾರೂ ಹೇಳಲಾರರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಕಾಲೇಜಿನ ಪದವಿ ಇಲ್ಲದೆ ಮುಂಬಯಿಗೆ ಬಂದು, ಚೌಪಾಟಿಯಲ್ಲಿ ಮಲಗಿ, ಈ ನಗರದ ಟ್ಯಾಕ್ಸಿಯವರನ್ನೂ ಮುನಿಸಿಪಾಲಿಟಿ ಕೆಲಸಗಾರರನ್ನೂ ಸಂಘಟಿಸಿ, 1998ರಲ್ಲಿ ದೇಶದ ರಕ್ಷಣಾ ಮಂತ್ರಿಯಾದರು. ಅವರ ಕೊನೆಗಾಲದ ರಾಜಕೀಯವನ್ನು ಒಪ್ಪದವರು ನಮ್ಮಲ್ಲಿ ಬಹಳ ಜನ. ಆದರೂ ಕಾರ್ಮಿಕ ಸಂಘವೂ ಒಂದು ವಿಶ್ವವಿದ್ಯಾಲಯ ಎಂಬುದಕ್ಕೆ ಅವರೂ ಸಾಕ್ಷಿ.

ಮೂರನೆಯ ಆಕ್ಷೇಪ ನಮ್ಮವರದೇ: "ಒಬ್ಬ ಕಾರ್ಮಿಕನನ್ನು ಅಲ್ಲಿ ಕೂರಿಸಿದರೆ ಅವನು ಹೂಕುಂಡದ ಹಾಗೆ ಶೋಭೆಗೆ ಮಾತ್ರ." ಇದರಲ್ಲಿ ನಿಜವಿದೆ. ಅದಕ್ಕೇ ಆರಿಸುವವರು ಅವರಾಗಬಾರದು, ನಾವಾಗಬೇಕು. ಇದಕ್ಕೆ ಮೇಲ್ಪಂಕ್ತಿ ಇದೆ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಧಿವೇಶನಕ್ಕೆ ಪ್ರತಿ ದೇಶದಿಂದ ನಾಲ್ವರು: ಸರ್ಕಾರದವರು ಇಬ್ಬರು, ಮಾಲೀಕರ ಕಡೆಯವರು ಒಬ್ಬರು, ಕಾರ್ಮಿಕರ ಕಡೆಯವರು ಒಬ್ಬರು. ಮೊದಲ ಅಧಿವೇಶನಕ್ಕೆ ಮುಂಬಯಿಯ ಎನ್. ಎಂ. ಜೋಶಿಯವರು ಹೋದರು. ಅವರು ಒಳ್ಳೆಯವರೇ, ಆದರೆ ಆರಿಸಿದ್ದು ಸರ್ಕಾರ. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಬೇಕೆಂಬ ಕೂಗೆದ್ದಿತು. 1920ರ ಅಕ್ಟೋಬರ್ 31ರಂದು ಇದೇ ಮುಂಬಯಿಯಲ್ಲಿ ಎ.ಐ.ಟಿ.ಯು.ಸಿ. ಹುಟ್ಟಲು ಅದೂ ಒಂದು ಕಾರಣ. ಕುರ್ಚಿ ಸಿಕ್ಕರೆ ಸಾಲದು, ಕುರ್ಚಿಗೆ ಕಳುಹಿಸುವ ಹಕ್ಕೂ ಬೇಕು ಎಂದು ನಮ್ಮ ಹಿರಿಯರು ನೂರು ವರ್ಷದ ಹಿಂದೆಯೇ ತಿಳಿದಿದ್ದರು.

ಆದುದರಿಂದ ನಮ್ಮ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇವೆ. ಸಪ್ರು ಹೌಸಿನ ಸಂಸ್ಥೆಯನ್ನು 2001ರ ಕಾಯಿದೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿದೆ. ದೇಶದ ಉಪರಾಷ್ಟ್ರಪತಿಗಳೇ ಅದರ ಅಧ್ಯಕ್ಷರು. ನಡೆಯುವುದು ಸಾರ್ವಜನಿಕರ ಹಣದಿಂದ. ಒಂದು ಪ್ಲೇಟು ಇಡ್ಲಿಯ ಮೇಲೂ ತೆರಿಗೆ ಬೀಳುವ ಈ ದೇಶದಲ್ಲಿ ಆ ಹಣದಲ್ಲಿ ನಮ್ಮದೂ ಪಾಲುಂಟು. ಮೊದಲು ಅಲ್ಲಿ, ಆಮೇಲೆ ಇಂಥ ಎಲ್ಲ ಕಡೆ, ಪರದೇಶದಲ್ಲಿ ದುಡಿದು ಬಂದ ಕಾರ್ಮಿಕರಿಗೆ ಪ್ರತಿ ವರ್ಷ ಫೆಲೋಷಿಪ್ ಇಡಬೇಕು. ಆರಿಸುವ ಹಕ್ಕು ಕಾರ್ಮಿಕ ಸಂಘಗಳಿಗೆ ಇರಬೇಕು. ಆ ಅವಧಿಯ ಪಗಾರ ತುಂಬಿಕೊಡಬೇಕು. ಒಂದು ದಿನದ ಕೂಲಿ ಬಿಟ್ಟರೆ ಒಲೆ ಹೊತ್ತದ ಮನೆ ನಮ್ಮದು. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಹೇಳಿದ್ದನ್ನು ಬರೆದುಕೊಂಡು ಇಂಗ್ಲಿಷಿಗೆ ತಿರುಗಿಸುವ ಕೆಲಸ ಅವರದು. ಖಾಸಗಿ ಸಂಸ್ಥೆಗಳು ತಮಗೆ ಯಾರು ಎಷ್ಟು ಕೊಟ್ಟರೆಂದು ವರ್ಷಕ್ಕೊಮ್ಮೆ ಬಾಗಿಲಿನ ಮೇಲೆ ಬರೆದು ಹಾಕಬೇಕು. ಹೋಟೆಲಿನವನು ತಿಂಡಿಯ ದರಪಟ್ಟಿ ಹಾಕುವುದಿಲ್ಲವೆ?

ಅವರು ಕೊಡುವ ತನಕ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಪರಂಪರೆ ಈ ನಗರದ ಕನ್ನಡಿಗರದು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಬೀದಿಗೆ ಬಿದ್ದ ಮನೆಗಳ ಮಕ್ಕಳು ಕೊಲ್ಲಿಗೆ ಹೋಗಿ ಬಂದವರಿದ್ದಾರೆ. ವಾರದ ರಜೆಯ ದಿನ ಪ್ರತಿ ಸಂಘದಲ್ಲಿಯೂ ಒಂದು ಗಂಟೆ ಅಂಥವರನ್ನು ಕೂರಿಸಿ ಕೇಳಿರಿ. ಏಜೆಂಟನು ಎಷ್ಟು ತೆಗೆದುಕೊಂಡ, ಕರಾರಿನಲ್ಲಿ ಏನಿತ್ತು, ಕೈಗೆ ಬಂದದ್ದೆಷ್ಟು, ಪಾಸ್‌ಪೋರ್ಟು ಯಾರ ಪೆಟ್ಟಿಗೆಯಲ್ಲಿತ್ತು, ಕಷ್ಟ ಬಂದಾಗ ರಾಯಭಾರ ಕಚೇರಿಯವರು ಬಾಗಿಲು ತೆರೆದರೋ ಇಲ್ಲವೋ, ಎಲ್ಲವನ್ನೂ ನಡವಳಿ ಪುಸ್ತಕದಲ್ಲಿ ಹೆಸರು ಹಾಕಿ ಬರೆಯಿರಿ. ಹತ್ತು ಸಂಘಗಳು ಹೀಗೆ ಒಂದು ವರ್ಷ ಬರೆದರೆ ಯಾವ ವಿಚಾರ ಸಂಸ್ಥೆಯ ಬಳಿಯೂ ಇಲ್ಲದ ಪುಸ್ತಕ ನಮ್ಮ ಕೈಯಲ್ಲಿರುತ್ತದೆ. ಅದನ್ನು ಹಿಡಿದು ನಮ್ಮ ಲೋಕಸಭಾ ಸದಸ್ಯರ ಮನೆಗೆ ಹೋಗೋಣ, ದೆಹಲಿಗೂ ಹೋಗೋಣ.

ಮುಂದಿನ ಸಭೆಗೆ ಬರುವಾಗ ಪರದೇಶದಲ್ಲಿ ದುಡಿದು ಬಂದ ಒಬ್ಬರನ್ನಾದರೂ ಜೊತೆಗೆ ಕರೆತನ್ನಿ. ನಡವಳಿ ಪುಸ್ತಕದ ಮೊದಲ ಪುಟ ಖಾಲಿ ಇದೆ.