ಮಿಕ್ಸರ್ ಕೆಟ್ರ ಮದಲ ಪ್ಲಗ್ ನೋಡ್ತೀವಲ್ಲ!

ಅಕ್ಕಾ, ವೈನೀ, ಇಲ್ಲಿ ಓಹಾಯೋದಾಗ ನಮ್ಮ ಹುಲ್ಲು ಕತ್ತರಸೂ ಟ್ರ್ಯಾಕ್ಟರ್ ಹ್ವಾದ ವಾರ ದಿಬ್ಬ ಏರಲಾರದ ನಿಂತ್ತು. ರಿಪೇರಿಯಂವಾ ಫೋನಿನಾಗ "ಟ್ರಾನ್ಸ್‌ಮಿಷನ್ ಹೋಗ್ಯದ, ಪೂರ್ತಿ ಬದಲಸ್ರಿ" ಅಂದ. ನಮ್ಮನಿಯವರು ಹೂಂ ಅಂದ್ರು. ನಾ ಒಲ್ಲೆ ಅಂದೆ.

ಈ ಗಾಡ್ಯಾಗ ಪಂಪು ಎಣ್ಣೀನ ಒತ್ತಿ ಗಾಲಿ ತಿರುಗಸ್ತದ. ಹಿಂಗಾಗಿ ಯಾವಾಗ ನಿಲ್ತದ ಅನ್ನೂದ ಮದಲ ನೋಡಬೇಕು. ತಣ್ಣಗಿದ್ದಾಗೂ ಹೊಂಡದಿದ್ರ, ದೂಡಲಿಕ್ಕೆ ಇರೂ ಬೈಪಾಸ್ ಲಿವರ್ ಎಳದ ಬಿಟ್ಟೀರೇನು, ಬೆಲ್ಟ್ ಸಡ್ಲಾಗ್ಯದೇನು ನೋಡ್ರಿ. ನಮ್ಮದು ಅರ್ಧಾ ತಾಸು ಓಡಿ, ಬಿಸಿಯಾದ ಮ್ಯಾಲ ಸೋಲ್ತಿತ್ತು. ಬಿಸಿಗೆ ಎಣ್ಣಿ ತೆಳ್ಳಗಾಗ್ತದ, ಒತ್ತು ಕಮ್ಮಿ ಆಗ್ತದ.

ಎಂಜಿನ್ ಬಂದ್ ಮಾಡಿ, ಕೀಲಿ ತಗದು, ಆರಿದ ಮ್ಯಾಲ ಬಗ್ಗಿ ನೋಡಿದೆ. ತಂಪು ಮಾಡೂ ಫ್ಯಾನಿನ ಸುತ್ತ ಒಣಾ ಹುಲ್ಲು ಗಿಚ್ಚ ತುಂಬಿತ್ತು. ಕೆದರಿ ತಗದೆ. ಈಗ ದಿಬ್ಬ ಏರ್ತದ.

ಎಣ್ಣಿ ಹಾಲಿನ್ಹಂಗ ಬೆಳ್ಳಗಾಗಿದ್ರ ನೀರು ಹೊಕ್ಕದ. ಎಣ್ಣಿ ಬದಲಿಸಿ, ಒಳಗಿನ ಗಾಳಿ ತಗದ್ರೂ ಸೋತ್ರ, ಆಗ ಪಂಪು ಸವದಿರಬೇಕು.

ಅಗ್ಗದ್ದು ಮದಲ ನೋಡ್ರಿ, ತುಟ್ಟೀದು ಕಡೀಕ. ಗಾಡಿ ಗಂಡಸರ ಕೆಲಸ ಅಂತ ಸುಮ್ನ ಕೂತ್ರ, ರೊಕ್ಕ ಹೋಗೂದು ನಮ್ಮನೀದ ಅಲ್ಲೇನು?