ತಾಳ ತಪ್ಪದ ಟೆಲಿಫೋನು

ಊರಿಗೆ ಫೋನು ಮಾಡಿದಾಗ ನಡುವೆ 'ಟಕ್' ಎಂದು ಸದ್ದಾದರೆ ಅದಕ್ಕೆ ತಂತಿಯೇ ಕಾರಣವೆನ್ನುವಂತಿಲ್ಲ, ಗಡಿಯಾರವೂ ಇರಬಹುದು!

ನಮ್ಮ ನಾಡಿನ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು ಕೆಲಸ ಆರಂಭಿಸಿತು. ಇಂಥ ಯಂತ್ರ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿಸುತ್ತದೆ. ಎರಡು ಡಿಜಿಟಲ್ ಎಕ್ಸ್‌ಚೇಂಜುಗಳ ನಡುವೆ ಕಳುಹಿಸುವ ಕಡೆಯ ಗಡಿಯಾರ ಕೊಂಚ ಮುಂದೋಡಿದರೆ ಅಂಕಿಗಳ ಒಂದು ಕಂತು ಚೆಲ್ಲಿಹೋಗುತ್ತದೆ. ಹಿಂದುಳಿದರೆ ಹಳೆಯ ಕಂತೇ ಮತ್ತೊಮ್ಮೆ ಬರುತ್ತದೆ. ಇದೇ 'ಸ್ಲಿಪ್'. ಮಾತಿಗೆ ಬರೀ ಟಕ್. ಫ್ಯಾಕ್ಸಿಗಾದರೋ ಸಾಲುಗಳೇ ಮಾಯ.

ಆದ್ದರಿಂದ ಚಿಕ್ಕ ಎಕ್ಸ್‌ಚೇಂಜು ದೊಡ್ಡದರಿಂದ ಕಾಲ ಪಡೆಯುತ್ತದೆ. ಎಲ್ಲಕ್ಕೂ ಮೇಲೆ ಸೀಸಿಯಂ ಗಡಿಯಾರ. ರಸಾಯನಶಾಸ್ತ್ರದವರಾದ ನಮಗೆ ಸೀಸಿಯಂ ಎಂದರೆ ನೀರು ಸೋಕಿದರೆ ಸಿಡಿಯುವ ಲೋಹ. 1967ರಿಂದ ಲೋಕಕ್ಕೆ ಸೆಕೆಂಡನ್ನು ಅಳೆದುಕೊಡುತ್ತಿರುವುದೂ ಅದೇ! ಎರಡು ದೇಶಗಳಲ್ಲೂ ಅಂತರರಾಷ್ಟ್ರೀಯ ಮಟ್ಟದ ಗಡಿಯಾರವಿದ್ದರೆ ಅವುಗಳ ನಡುವೆ ಸುಮಾರು 70 ದಿನಕ್ಕೊಂದಕ್ಕಿಂತ ಹೆಚ್ಚು ಸ್ಲಿಪ್ ಆಗದು.

ಮೇಲಿನಿಂದ ಬರುವ ಕಾಲ ಕಡಿದುಹೋದರೆ? ಯಂತ್ರ ಎರಡನೆಯ ಮೂಲವನ್ನು ಹಿಡಿಯುತ್ತದೆ. ಅದೂ ಹೋದರೆ ಎಚ್ಚರಿಕೆ ಕೊಟ್ಟು, ಕೊನೆಗೆ ಕೇಳಿದ ಲಯವನ್ನೇ ನೆನಪಿಟ್ಟು ನಡೆಯುತ್ತದೆ. ಆ ನೆನಪು ದಿನ ಕಳೆದಂತೆ ಮಸುಕಾಗುವುದರಿಂದ ರಿಪೇರಿ ತಡವಾಗಬಾರದು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಎರಡು ಎಕ್ಸ್‌ಚೇಂಜುಗಳು ಒಂದನ್ನೊಂದು ನೋಡಿ ಗಡಿಯಾರ ತಿದ್ದಿಕೊಳ್ಳುವುದು. ಆಗ ಎರಡೂ ಕೂಡಿಯೇ ದಾರಿ ತಪ್ಪುತ್ತವೆ, ತಪ್ಪಿದ್ದು ಎರಡಕ್ಕೂ ತಿಳಿಯುವುದಿಲ್ಲ.

ಈಗ ನಮ್ಮ ಮಾತು ಬಹುಪಾಲು ಇಂಟರ್ನೆಟ್ಟಿನಲ್ಲಿ ಹರಿಯುತ್ತದೆ. ಆದರೂ ದೋಹಾದ ಮೊಬೈಲ್ ಗೋಪುರಕ್ಕಾಗಲಿ ಧಾರವಾಡದ ಗೋಪುರಕ್ಕಾಗಲಿ ಮೇಲಿನಿಂದ ಬರುವ ಲಯ ಬೇಕೇ ಬೇಕು.