ಯುದ್ಧಕ್ಕೆ ಹೊರಟವನಿಗೆ ಎಲೆ-ಅಡಿಕೆ ಏಕೆ?

ಮೊನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತು ಗದುಗಿನ ಭಾರತ ಓದುತ್ತಿದ್ದೆ. ಆರನೆಯ ತರಗತಿಯ ಮೊಮ್ಮಗಳು ನಡುವೆಯೇ ತಡೆದಳು. “ಅಜ್ಜಾ, ವೈರಿ ಬಂದು ನಿಂತಾನ, ಇಂವಾ ನೋಡಿದ್ರ ರಾಜನ ಕಡೆ ವೀಳ್ಯಾ ಕೇಳ್ತಾನ. ಏನ್ ಮದುವಿ ಊಟಾ ಮುಗಿಸ್ಯಾನೇನು?”

ಮಕ್ಕಳೇ, ಆ ವಯಸ್ಸಿನಲ್ಲಿ ನನಗೂ ಇದೇ ಗೊಂದಲವಿತ್ತು.

ವ್ಯಾಸರ ಭಾರತದಲ್ಲಿ ಸೇನಾಪತಿಗೆ ಅಭಿಷೇಕ ಮಾಡುತ್ತಾರೆ. ನಮ್ಮ ವೀರನಾರಾಯಣ ಗುಡಿಯ ಕವಿ ಕುಮಾರವ್ಯಾಸ ತನ್ನ ಕಾಲದ ಕನ್ನಡ ನಾಡಿನ ಪದ್ಧತಿಯನ್ನೇ ಕುರುಕ್ಷೇತ್ರಕ್ಕೆ ಒಯ್ದ. ಸುಮಾರು ಅದೇ ಕಾಲದಲ್ಲಿ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಎರಡನೆಯ ದೇವರಾಯ ತನಗೆ ವೀಳ್ಯದೆಲೆ, ಹಣ, ಕರ್ಪೂರ ಕೊಟ್ಟಿದ್ದನ್ನು ಅವನು ಬರೆದಿಟ್ಟಿದ್ದಾನೆ. ಅದು ಅತಿಥಿಯನ್ನು ಬೀಳ್ಕೊಡುವ ವೀಳ್ಯ. ರಣವೀಳ್ಯ ಬೇರೆ. ಅದನ್ನು ಕೈಯಲ್ಲಿ ಹಿಡಿದವನು ‘ಈ ಕೆಲಸ ನನ್ನದು’ ಎಂದು ಸಭೆಯೆದುರು ಒಪ್ಪಿಕೊಂಡ ಹಾಗೆ. ಆದ್ದರಿಂದ ಓದುವಾಗ ವೀಳ್ಯವನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂದು ನೋಡಬೇಕು.

ಗ್ರೀಕರ ಇಲಿಯಡ್ ಕಾವ್ಯದಲ್ಲೂ ಇಂಥದೊಂದು ಒಗಟಿದೆ. ಗ್ಲಾಕಸ್, ಡಯೊಮಿಡೀಸ್ ಎಂಬ ವೈರಿಗಳಿಗೆ ತಮ್ಮ ಅಜ್ಜಂದಿರ ಸ್ನೇಹ ರಣರಂಗದಲ್ಲೇ ಗೊತ್ತಾಗುತ್ತದೆ. ಕಾದಾಟ ಬಿಟ್ಟು ಕವಚ ಬದಲಿಸಿಕೊಳ್ಳುತ್ತಾರೆ. ಒಂದು 100 ಎತ್ತಿನ ಬೆಲೆಯ ಬಂಗಾರದ್ದು, ಇನ್ನೊಂದು 9 ಎತ್ತಿನ ಬೆಲೆಯ ಕಂಚಿನದು! ಬಂಗಾರ ಕೊಟ್ಟವನ ಬುದ್ಧಿ ಕೆಟ್ಟಿತ್ತು ಎಂದು ಸ್ವತಃ ಹೋಮರನೇ ಹೇಳುತ್ತಾನೆ. ಬ್ಯಾಂಕಿನಲ್ಲಿ ಲೆಜರ್ ಬರೆದ ನನಗೂ ಮೊದಲು ಹಾಗೇ ಅನ್ನಿಸಿತ್ತು.

“ಎಲಿಗೆ ಎಷ್ಟು ರೊಕ್ಕಾ ಅಜ್ಜಾ? ಬ್ಯಾಡಾ ಅಂತ ತಿರುಗಿ ಕೊಟ್ರ ಆತು” ಎಂದಳು ಮೊಮ್ಮಗಳು.

ಆಗ ಅವಳಿಗೆ ನಮ್ಮಪ್ಪನ ಸಂಗತಿ ಹೇಳಿದೆ. ಲಕ್ಷ್ಮೇಶ್ವರದ ಕಡೆ ನಮಗೊಂದು ಹೊಲವಿತ್ತು. ಮಾರಾಟ ಮಾತಾಗಿ ಅಪ್ಪ ಎಲೆ-ಅಡಿಕೆ ಹಿಡಿದು ಬಂದರು. ಕಾಗದಪತ್ರ ಏನೂ ಆಗಿರಲಿಲ್ಲ. ಮರುದಿನವೇ ಇನ್ನೊಬ್ಬರು ಬಂದು ಹೆಚ್ಚಿನ ರೊಕ್ಕ ಹೇಳಿದರು. “ನಿನ್ನೆ ಎಲಿ ಹಿಡದೀನಿ” ಎಂದು ಅಪ್ಪ ಅವರನ್ನು ಚಹಾ ಕುಡಿಸಿ ಕಳಿಸಿಬಿಟ್ಟರು. ಆ ವರ್ಷ ನನ್ನ ಕಾಲೇಜಿನ ಫೀಸಿಗೆ ಅವ್ವನ ಬಳೆ ಒತ್ತೆ ಬಿದ್ದವು.

“ಅಮ್ಮಾಯಿ ಏನಂದ್ಲು?” ಎಂದು ಕೇಳಿದಳು.

ಏನೂ ಅನ್ನಲಿಲ್ಲ. ಒಂದು ತಿಂಗಳು ಅಪ್ಪನ ಜೊತೆ ಮಾತೇ ಆಡಲಿಲ್ಲ. ಆದರೆ ಹೊಲ ಕೊಂಡವರು ಮೊದಲ ಸುಗ್ಗಿಯ ಶೇಂಗಾ ಚೀಲ ತಂದು ಇಳಿಸಿದಾಗ, ಎಲೆ-ಅಡಿಕೆ ತಟ್ಟೆ ಹಿಡಿದು ಹೊರಗೆ ಬಂದವಳು ಅವ್ವನೇ.